ಪ್ರಶ್ನೆ ಕಳೆದುಹೋದ ಉತ್ತರಗಳು

ಮಾನ್ಯ ಸಂಪಾದಕರಿಗೆ,

ಒನಕೆ ಓಬವ್ವನ ಕಥೆ ನಿಜವೋ ಸುಳ್ಳೋ ಎಂಬ ವಿಚಾರವಾಗಿ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಕೆಲವು ವಾರಗಳಿಂದ ನಡೆಯುತ್ತಿರುವ ವಾಗ್ವಾದವನ್ನು ತಪ್ಪದೆ ಓದುತ್ತಾ ಬಂದಿದ್ದೇನೆ. ಆ ಕಾಲದ ಬರಹದ ದಾಖಲೆ ತೋರಿಸಿದರೆ ಮಾತ್ರ ಒಪ್ಪುತ್ತೇನೆ ಎಂದು ಒಬ್ಬ ಓದುಗರು ಬರೆದರು. ಇನ್ನೂರು ವರ್ಷಕ್ಕೂ ಮಿಕ್ಕಿ ಜನರ ನಾಲಗೆಯ ಮೇಲೆ ಬದುಕಿದ ಮಾತಿಗಿಂತ ದೊಡ್ಡ ದಾಖಲೆ ಯಾವುದು ಎಂದು ಇನ್ನೊಬ್ಬರು ಕೇಳಿದರು. ಇಬ್ಬರ ಕಾಳಜಿಯ ಬಗೆಗೂ ನನಗೆ ಗೌರವವಿದೆ. ಆದರೆ ಪರಸ್ಪರ ವಿರೋಧಿಗಳಂತೆ ಕಾಣುವ ಇವರಿಬ್ಬರೂ ಕೇಳುತ್ತಿರುವುದು ಒಂದೇ ಪ್ರಶ್ನೆಯನ್ನು. ಉತ್ತರದ ಬಗ್ಗೆ ಜಗಳವಾಡುವ ಮೊದಲು ಆ ಪ್ರಶ್ನೆಯನ್ನೇ ಒಮ್ಮೆ ತೂಗಿ ನೋಡಬೇಕಲ್ಲವೇ ಎಂಬ ಅನುಮಾನ ನನ್ನಲ್ಲಿ ಹುಟ್ಟಿದ್ದು ಆಕಸ್ಮಿಕವಾಗಿ ಕೈಗೆ ಬಂದ ಒಂದು ಆತ್ಮಕಥೆಯಿಂದ. ಅದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೋರುತ್ತೇನೆ.

ನಾನು ಇತಿಹಾಸದ ವಿದ್ಯಾರ್ಥಿಯಲ್ಲ. ಚಿತ್ರದುರ್ಗ ಮತ್ತು ದಾವಣಗೆರೆ ಒಂದೇ ಜಿಲ್ಲೆಯಾಗಿದ್ದ ದಿನಗಳಲ್ಲಿ ನ್ಯಾಯಾಲಯದ ಶೀಘ್ರಲಿಪಿಗಾರನಾಗಿ ಕೆಲಸಕ್ಕೆ ಸೇರಿ, 1997ರಲ್ಲಿ ಅವು ಬೇರೆಯಾದ ಮೇಲೂ ಎರಡೂ ಕಡೆ ವರ್ಗವಾಗಿ ಓಡಾಡಿ, ನಿವೃತ್ತನಾಗಿ ಈಗ ದುರ್ಗದಲ್ಲಿ ನೆಲೆಸಿದ್ದೇನೆ. ದಾವಣಗೆರೆಯಲ್ಲಿ ನನಗೆ ಪರಿಚಯವಿದ್ದ ಹಿರಿಯ ವಕೀಲರೊಬ್ಬರು ತೀರಿಕೊಂಡಾಗ ಅವರ ಮಕ್ಕಳು ಮನೆ ಖಾಲಿ ಮಾಡಿದರು. ಕಾನೂನು ವರದಿಗಳ ಸಂಪುಟಗಳು ಕಿರಿಯ ವಕೀಲರ ಪಾಲಾದವು, ಉಳಿದದ್ದರಲ್ಲಿ ಬೇಕಾದ್ದನ್ನು ತೆಗೆದುಕೊಳ್ಳಿ ಎಂದು ನನಗೂ ಹೇಳಿದರು. ಆ ರಾಶಿಯಲ್ಲಿ ಸಿಕ್ಕಿದ್ದು ಆರ್. ಜಿ. ಕಾಲಿಂಗ್‌ವುಡ್ ಎಂಬ ಇಂಗ್ಲಿಷ್ ತತ್ತ್ವಶಾಸ್ತ್ರಜ್ಞರ ಆತ್ಮಕಥೆ, 1939ರಲ್ಲಿ ಪ್ರಕಟವಾದ ತೆಳುವಾದ ಪುಸ್ತಕ. ಹೆಸರು ಕೇಳಿದವನಲ್ಲ. ತೆಳ್ಳಗಿದೆ, ಬೇಗ ಮುಗಿಯುತ್ತದೆ ಎಂಬ ಒಂದೇ ಕಾರಣಕ್ಕೆ ತಂದೆ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿ ಮುಗಿಸಲು ಐದು ತಿಂಗಳು ಹಿಡಿಯಿತು.

ಆತ್ಮಕಥೆ ಎಂದರೆ ಹುಟ್ಟು, ಬಡತನ, ಮದುವೆ, ಮಕ್ಕಳು, ಪ್ರಶಸ್ತಿ ಎಂದು ತಿಳಿದಿದ್ದ ನನಗೆ ಈ ಪುಸ್ತಕದಲ್ಲಿ ಅದಾವುದೂ ಸಿಗಲಿಲ್ಲ. ಯೋಚಿಸುವುದೇ ಕಸುಬಾಗಿರುವವನ ಆತ್ಮಕಥೆಯಲ್ಲಿ ಇರಬೇಕಾದದ್ದು ಅವನ ಯೋಚನೆಯ ಕಥೆ ಎಂಬುದು ಅವರ ನಿಲುವು. 1889ರಲ್ಲಿ ಹುಟ್ಟಿದ ಕಾಲಿಂಗ್‌ವುಡ್ ಹದಿಮೂರು ವರ್ಷದವರೆಗೆ ಶಾಲೆಗೆ ಹೋಗದೆ ತಂದೆಯಿಂದ ಮನೆಯಲ್ಲೇ ಕಲಿತವರು. ತಂದೆ ಚಿತ್ರಕಾರ, ಪುರಾತತ್ವದ ಹುಚ್ಚು ಹತ್ತಿಸಿಕೊಂಡವರು, ಕಲಾವಿಮರ್ಶಕ ಜಾನ್ ರಸ್ಕಿನ್ನರಿಗೆ ಕಾರ್ಯದರ್ಶಿಯಾಗಿದ್ದವರು. ಎಂಟನೆಯ ವಯಸ್ಸಿನಲ್ಲಿ ಹುಡುಗ ಅಪ್ಪನ ಕಪಾಟಿನಿಂದ ಜರ್ಮನ್ ತತ್ತ್ವಜ್ಞ ಕಾಂಟ್‌ನ ನೀತಿಶಾಸ್ತ್ರದ ಪುಸ್ತಕವೊಂದನ್ನು ತೆಗೆದು ಓದುತ್ತಾನೆ. ಒಂದು ವಾಕ್ಯವೂ ಅರ್ಥವಾಗುವುದಿಲ್ಲ. ಆದರೆ ಇಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ಹೇಳುತ್ತಿದ್ದಾರೆ, ಇದು ತನಗೆ ಸಂಬಂಧಪಟ್ಟ ವಿಷಯ ಎಂಬುದು ಮಾತ್ರ ಅವನಿಗೆ ಖಚಿತವಾಗಿ ಗೊತ್ತಾಗುತ್ತದೆ. ಅರವತ್ತು ದಾಟಿದ ಮೇಲೆ ಅದೇ ಅನುಭವ ನನಗೆ ಈ ಪುಸ್ತಕದಿಂದಲೇ ಆಯಿತು ಎಂದರೆ ಉತ್ಪ್ರೇಕ್ಷೆಯೆಂದು ಭಾವಿಸಬಾರದು.

ಪುಸ್ತಕದ ತಿರುಳು ಇರುವುದು ಒಂದು ಕುರೂಪವಾದ ಸ್ಮಾರಕದಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಕಾಲಿಂಗ್‌ವುಡ್ ಲಂಡನ್ನಿನಲ್ಲಿ ನೌಕಾ ಇಲಾಖೆಯ ಗುಪ್ತಚರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟನ ನೆನಪಿಗೆಂದು ಗಿಲ್ಬರ್ಟ್ ಸ್ಕಾಟ್ ಎಂಬ ವಾಸ್ತುಶಿಲ್ಪಿ ವಿನ್ಯಾಸಗೊಳಿಸಿದ ಸ್ಮಾರಕವನ್ನು ಅವರು ದಿನವೂ ಹಾದುಹೋಗಬೇಕಿತ್ತು. ಅದನ್ನು ಕಂಡರೆ ಅವರಿಗೆ ಅಸಹ್ಯ, ಕೆಲಕಾಲ ಆ ಕಡೆ ನೋಡುವುದನ್ನೇ ಬಿಟ್ಟಿದ್ದರಂತೆ. ಹಾಗಿದ್ದೂ, ಇಷ್ಟು ಕೆಟ್ಟದ್ದನ್ನು ಸ್ಕಾಟ್ ಏಕೆ ಮಾಡಿದ, ಅವನು ಮಾಡಲು ಹೊರಟದ್ದಾದರೂ ಏನನ್ನು, ಅದನ್ನು ಸಾಧಿಸಿದನೇ, ಅಥವಾ ಅವನು ಕೊಡಲು ಪ್ರಯತ್ನಿಸಿಯೇ ಇಲ್ಲದ ಸೌಂದರ್ಯವನ್ನು ನಾನು ಹುಡುಕುತ್ತಿದ್ದೇನೆಯೇ ಎಂಬ ಪ್ರಶ್ನೆಗಳು ಅವರನ್ನು ಬಿಡಲಿಲ್ಲ. ಆ ದಿನನಿತ್ಯದ ನಡಿಗೆಯಲ್ಲಿ ಅವರು ತಲುಪಿದ ತೀರ್ಮಾನ ಇಷ್ಟು: ಯಾವುದೇ ಹೇಳಿಕೆ ಒಂದು ಪ್ರಶ್ನೆಗೆ ಕೊಟ್ಟ ಉತ್ತರವಾಗಿರುತ್ತದೆ, ಆ ಪ್ರಶ್ನೆ ಯಾವುದೆಂದು ತಿಳಿಯದೆ ಹೇಳಿಕೆಯ ಅರ್ಥವಾಗಲಿ, ಅದರ ಸತ್ಯಾಸತ್ಯವಾಗಲಿ ತಿಳಿಯುವುದಿಲ್ಲ. ಆಗಿನ ಆಕ್ಸ್‌ಫರ್ಡ್‌ನಲ್ಲಿ ಪ್ರಬಲರಾಗಿದ್ದ ವಾಸ್ತವವಾದಿ ತತ್ತ್ವಜ್ಞರು ವಾಕ್ಯವನ್ನು ಒಂಟಿಯಾಗಿ ಎದುರಿಗಿಟ್ಟುಕೊಂಡು ಸತ್ಯವೋ ಮಿಥ್ಯೆಯೋ ಎಂದು ಪರೀಕ್ಷಿಸುತ್ತಿದ್ದ ಪದ್ಧತಿಗೆ ಇದು ನೇರವಾಗಿ ಎದುರು. ಅದೇ ಆಕ್ಸ್‌ಫರ್ಡ್‌ನಲ್ಲಿ 1935ರಲ್ಲಿ ತತ್ತ್ವಶಾಸ್ತ್ರದ ಉನ್ನತ ಪೀಠ ಸಿಕ್ಕ ಮೇಲೂ ಅವರು ಒಂಟಿಯಾಗಿಯೇ ಉಳಿದರು.

ಈ ಪುಟಗಳನ್ನು ಓದುವಾಗ ನಾನು ಪುಸ್ತಕ ಮಡಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ, ಏಕೆಂದರೆ ಇದು ನನ್ನ ಜೀವಮಾನದ ಕಸುಬಿನ ಮಾತಾಗಿತ್ತು. ನ್ಯಾಯಾಲಯದ ಪರಿಚಯವಿಲ್ಲದವರಿಗೆ ಒಂದು ಸಂಗತಿ ಹೇಳಬೇಕು. ಸಾಕ್ಷಿಯ ಹೇಳಿಕೆಯನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಬರೆದುಕೊಳ್ಳುವುದಿಲ್ಲ, ನಿರೂಪಣೆಯ ರೂಪದಲ್ಲಿ ಬರೆದುಕೊಳ್ಳುತ್ತಾರೆ. ವಕೀಲರು ಕೇಳಿದ ಪ್ರಶ್ನೆ ಗಾಳಿಗೆ ಹೋಗುತ್ತದೆ, ಉತ್ತರ ಮಾತ್ರ ಕಾಗದಕ್ಕೆ ಇಳಿಯುತ್ತದೆ. ಹೀಗಾಗಿ ಪಾಟೀಸವಾಲಿನ ಪುಟಗಳಲ್ಲಿ ‘ಸದರಿ ದಿನ ನಾನು ಊರಿನಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ’, ‘ನಮ್ಮ ತಂದೆ ಆ ಜಮೀನನ್ನು ಉಳುತ್ತಿರಲಿಲ್ಲ ಎಂದರೆ ಸರಿಯಲ್ಲ’ ಎಂಬ ವಾಕ್ಯಗಳು ಸಾಲುಸಾಲಾಗಿ ಬರುತ್ತವೆ. ಇಂಥ ಸಾವಿರಾರು ‘ಎಂದರೆ ಸರಿಯಲ್ಲ’ಗಳನ್ನು ನಾನು ಬೆರಳಚ್ಚು ಮಾಡಿದ್ದೇನೆ. ಹೊಸಬರು ಆ ಪುಟ ಓದಿದರೆ ಸಾಕ್ಷಿಗೆ ತಲೆ ಕೆಟ್ಟಿದೆಯೇ ಎಂದುಕೊಳ್ಳಬೇಕು, ಹಾಗಿರುತ್ತದೆ. ಪಳಗಿದ ವಕೀಲರು ಮೇಲ್ಮನವಿಯ ಕಾಲದಲ್ಲಿ ಅದೇ ಪುಟವನ್ನು ಹಿಡಿದು, ಉತ್ತರಗಳ ಹಿಂದೆ ಅಳಿಸಿಹೋದ ಪ್ರಶ್ನೆಗಳನ್ನು ಒಂದೊಂದಾಗಿ ಮರಳಿ ಕಟ್ಟಿ, ಎದುರು ಪಕ್ಷದವರು ಯಾವ ಕಥೆಯನ್ನು ಸ್ಥಾಪಿಸಲು ಹೊರಟಿದ್ದರು ಎಂಬುದನ್ನು ಬಿಡಿಸಿ ತೋರಿಸುತ್ತಿದ್ದರು. ಪುಸ್ತಕದ ಮೊದಲ ಒಡೆಯರೇ ಆ ವಿದ್ಯೆಯಲ್ಲಿ ಎತ್ತಿದ ಕೈ. ಶಾಸನ, ಬಖೈರು, ಲಾವಣಿ, ಕೋಟೆಯ ಗೋಡೆ ಎಲ್ಲವೂ ಪ್ರಶ್ನೆ ಅಳಿಸಿಹೋದ ಸಾಕ್ಷಿ ಹೇಳಿಕೆಗಳೇ ಎಂದು ಕಾಲಿಂಗ್‌ವುಡ್ ಹೇಳುತ್ತಿದ್ದಾರೆ ಎಂದು ನಾನು ಅರ್ಥಮಾಡಿಕೊಂಡೆ.

ಅವರು ಬರಿಯ ಕುರ್ಚಿಯ ಮೇಲಿನ ತತ್ತ್ವಜ್ಞರಲ್ಲ. ರೋಮನ್ನರು ಬ್ರಿಟನ್ನನ್ನು ಆಳಿದ ಕಾಲದ ಬಗ್ಗೆ ಸ್ವತಃ ನೆಲ ಅಗೆದು, ಶಾಸನಗಳ ಪ್ರತಿ ತೆಗೆದು ಬರೆದವರು. ಉತ್ತರ ಇಂಗ್ಲೆಂಡಿನಲ್ಲಿ ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಎಬ್ಬಿಸಿದ ಉದ್ದನೆಯ ಗೋಡೆಯಿದೆ. ಅದನ್ನು ಕಟ್ಟಿದವರು ಯಾರು, ಯಾವ ವರ್ಷ ಎಂಬ ಬಗ್ಗೆ ವಿದ್ವಾಂಸರು ಬಹಳ ಕಾಲ ಬಡಿದಾಡಿದ್ದರು. ಅದು ಯಾವ ಕೆಲಸಕ್ಕೆಂದು ಇತ್ತು ಎಂದು ಕಾಲಿಂಗ್‌ವುಡ್ ಕೇಳಿದರು. ಗೋಡೆಯ ಮೇಲೆ ನಿಂತು ಶತ್ರುವಿನೊಂದಿಗೆ ಕಾದಾಡಲು ಅದು ಅನುಕೂಲವಾಗಿಲ್ಲ, ಕಾವಲುಗಾರರು ಎತ್ತರದಲ್ಲಿ ನಡೆದಾಡುತ್ತಾ ಕಣ್ಣಿಡಲು ಮಾಡಿದ ದಾರಿ ಅದಾಗಿರಬೇಕು ಎಂದು 1921ರಲ್ಲಿ ವಾದಿಸಿದರು. ಹಾಗಾದರೆ ಗೋಡೆ ಕೊನೆಗೊಳ್ಳುವ ಜಾಗದಿಂದ ಮುಂದಕ್ಕೂ ಸಮುದ್ರದಂಡೆಯುದ್ದಕ್ಕೆ ಕಾವಲು ಗೋಪುರಗಳು ಇರಲೇಬೇಕಲ್ಲ, ಇಲ್ಲದಿದ್ದರೆ ಶತ್ರು ದೋಣಿ ಹತ್ತಿ ಪಕ್ಕದಿಂದ ಬಂದಾನು. ಹಳೆಯ ಪತ್ರಿಕೆಗಳನ್ನು ತಿರುವಿ ನೋಡಿದಾಗ ಅಂಥ ಗೋಪುರಗಳು ಹಿಂದೆಯೇ ಸಿಕ್ಕಿದ್ದವು! ಅವು ಏಕಿವೆ ಎಂದು ಯಾರೂ ಕೇಳಿರಲಿಲ್ಲವಾದ್ದರಿಂದ ಸಿಕ್ಕದ್ದನ್ನೂ ಎಲ್ಲರೂ ಮರೆತಿದ್ದರು.

ಇದಕ್ಕೆ ಹೋಲುವ ಉದಾಹರಣೆಗೆ ನಾವು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಮತ್ತು ನಮ್ಮ ಊರಿನ ಮಗ್ಗುಲಲ್ಲೇ ಇರುವ ಚಂದ್ರವಳ್ಳಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವ್ಹೀಲರ್, ಕಾಲಿಂಗ್‌ವುಡ್‌ರ ಸಮಕಾಲೀನರು; ಬ್ರಿಟನ್ನಿನ ರೋಮನ್ ನೆಲೆಗಳನ್ನು ಅಗೆದು ಪಳಗಿದ ಮೇಲೆ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದವರು. ಚಂದ್ರವಳ್ಳಿಯಲ್ಲಿ ಅದಕ್ಕೂ ಮುಂಚೆ ಮೈಸೂರಿನ ಎಂ. ಎಚ್. ಕೃಷ್ಣ ಅವರು ಅಗೆದಿದ್ದರು. ವ್ಹೀಲರ್ ಇಲ್ಲಿಗೆ ಬಂದದ್ದು ಒಂದು ಖಚಿತವಾದ ಪ್ರಶ್ನೆಯನ್ನು ಹೊತ್ತು. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಅವರಿಗೆ ಇಟಲಿಯಿಂದ ಬಂದ ಮಡಕೆಗಳ ಜೊತೆಯಲ್ಲಿ ಒಂದು ಬಗೆಯ ದೇಶೀ ಮಡಕೆ ಸಿಕ್ಕಿತ್ತು. ಇಟಲಿಯ ಮಡಕೆಯ ಕಾಲ ಗೊತ್ತಿದ್ದುದರಿಂದ ದೇಶೀ ಮಡಕೆಯ ಕಾಲವೂ ಗೊತ್ತಾಯಿತು. ಅದೇ ಮಡಕೆ ಒಳನಾಡಿನಲ್ಲಿ ಸಿಕ್ಕರೆ, ಅದರ ಕೆಳಗಿನ ಪದರಗಳಲ್ಲಿರುವ ಬೃಹತ್ ಶಿಲಾಸಮಾಧಿಗಳ ಜನರು, ಅವರಿಗೂ ಹಿಂದಿನ ಕಲ್ಲಿನ ಕೊಡಲಿಯ ಜನರು ಯಾವ ಕಾಲದವರು ಎಂದು ಹೇಳಬಹುದಲ್ಲವೇ? ಆ ಪ್ರಶ್ನೆಗೆ ದಕ್ಷಿಣದ ಚರಿತ್ರೆಯ ಪೂರ್ವಭಾಗಕ್ಕೊಂದು ಕಾಲಾನುಕ್ರಮವೇ ಉತ್ತರವಾಗಿ ಬಂತು. ರೇಡಿಯೊ ಕಾರ್ಬನ್ ವಿಧಾನ ಬಂದ ಮೇಲೆ ಕಲ್ಲಿನ ಕೊಡಲಿಯ ಜನರ ಕಾಲವನ್ನು ಅವರು ಹೇಳಿದ್ದಕ್ಕಿಂತ ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಒಯ್ಯಬೇಕಾಯಿತೆಂಬುದು ನಿಜ. ಉತ್ತರ ತಿದ್ದುಪಡಿಯಾಯಿತೇ ಹೊರತು ಪ್ರಶ್ನೆ ವ್ಯರ್ಥವಾಗಲಿಲ್ಲ. ರೋಮನ್ ಚಕ್ರವರ್ತಿ ಟೈಬೀರಿಯಸನ ನಾಣ್ಯ ಸಿಕ್ಕ ಚಂದ್ರವಳ್ಳಿಗೆ ನಾವು ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ, ಕೆರೆಯ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತೇವೆ, ನಾನೂ ಅವರಲ್ಲೊಬ್ಬ.

ಪದಗಳ ವಿಚಾರದಲ್ಲಿ ಕಾಲಿಂಗ್‌ವುಡ್ ಕೊಡುವ ಒಂದು ಹಾಸ್ಯದ ದೃಷ್ಟಾಂತವನ್ನು ಬಿಡಲು ಮನಸ್ಸಿಲ್ಲ. ಪ್ರಾಚೀನ ಗ್ರೀಸಿನ ಪ್ಲೇಟೊ ಹೇಳಿದ ‘ರಾಜ್ಯ’ವೂ ಹದಿನೇಳನೆಯ ಶತಮಾನದ ಇಂಗ್ಲಿಷ್ ತತ್ತ್ವಜ್ಞ ಹಾಬ್ಸ್ ಹೇಳಿದ ‘ರಾಜ್ಯ’ವೂ ಒಂದೇ ವಸ್ತು, ಅದರ ಬಗ್ಗೆ ಇಬ್ಬರೂ ಬೇರೆ ಬೇರೆ ಅಭಿಪ್ರಾಯ ಕೊಟ್ಟಿದ್ದಾರೆ ಎಂದು ಅವರ ಸಹೋದ್ಯೋಗಿಗಳು ವಾದಿಸುತ್ತಿದ್ದರು. ಇದು ಹೇಗಿದೆಯೆಂದರೆ, ಹಳೆಯ ಗ್ರೀಕರು ಹುಟ್ಟುಗೋಲಿನಿಂದ ನಡೆಸುತ್ತಿದ್ದ ಯುದ್ಧನೌಕೆಯ ಹೆಸರನ್ನು ‘ಹಬೆಹಡಗು’ ಎಂದು ಅನುವಾದಿಸಿ, ಗ್ರೀಕರಿಗೆ ಹಬೆಹಡಗಿನ ಬಗ್ಗೆ ಎಂಥ ವಿಚಿತ್ರ ಕಲ್ಪನೆಗಳಿದ್ದವು ನೋಡಿ ಎಂದು ಆಶ್ಚರ್ಯಪಟ್ಟ ಹಾಗೆ ಎನ್ನುತ್ತಾರೆ ಅವರು. ನಮ್ಮಲ್ಲಿಯೂ ಇದು ದಿನನಿತ್ಯ ನಡೆಯುತ್ತಿದೆ. ಈ ಸೀಮೆಯನ್ನು ನೊಳಂಬವಾಡಿ ಮೂವತ್ತೆರಡು ಸಾವಿರ ಎಂದು ಕರೆದ ಶಾಸನಗಳಲ್ಲಿ ಬರುವ ‘ನಾಡು’ ಎಂಬ ಪದ ಒಂದು ಆಡಳಿತ ವಿಭಾಗದ ಹೆಸರು, ನಾವು ನವೆಂಬರ್ ಒಂದರಂದು ಭಾಷಣದಲ್ಲಿ ಹೇಳುವ ನಾಡಲ್ಲ. ‘ಪಾಳೆಯಗಾರ’ ಎಂಬ ಪದದ ಪಾಡಂತೂ ಇನ್ನೂ ಕೆಟ್ಟದ್ದು. ದಂಡಿನ ಪಾಳೆಯವನ್ನು ಇಟ್ಟುಕೊಂಡು, ಮೇಲಿನ ಅರಸನಿಗೆ ಕಪ್ಪ ಕೊಟ್ಟು, ತನ್ನ ಸೀಮೆಯಲ್ಲಿ ಕೆರೆ ಕಟ್ಟೆಗಳನ್ನು ನೋಡಿಕೊಂಡವನ ಪದವಿಯ ಹೆಸರು ಇಂದು ಪತ್ರಿಕೆಗಳಲ್ಲಿ ದರ್ಪಕ್ಕೆ ಪರ್ಯಾಯವಾಗಿದೆ. ‘ಪಾಳೆಗಾರಿಕೆ ಪ್ರವೃತ್ತಿ’ ಎಂಬ ಶೀರ್ಷಿಕೆಯನ್ನು ತಮ್ಮ ಪತ್ರಿಕೆಯಲ್ಲೂ ಓದಿದ್ದೇನೆ. ದುರ್ಗದ ಓದುಗನೆಂಬ ಸಲಿಗೆಯಿಂದ ಈ ಆಕ್ಷೇಪವನ್ನು ದಾಖಲಿಸುತ್ತೇನೆ.

ಹಾಗೆಂದು ಈ ಮನುಷ್ಯನನ್ನು ನಾನು ಪೂರ್ತಿ ಒಪ್ಪಿದ್ದೇನೆ ಎಂದಲ್ಲ. ಬರವಣಿಗೆಯಲ್ಲಿ ಅಹಂಕಾರ ಬೇಕಾದಷ್ಟಿದೆ. ಸಹೋದ್ಯೋಗಿಗಳನ್ನು ಕುರಿತು ಆಡುವ ಮಾತುಗಳಲ್ಲಿ ದಯೆ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಇತಿಹಾಸವೆಂದರೆ ಹಿಂದಿನವರ ವಿಚಾರದ ಇತಿಹಾಸ, ಇತಿಹಾಸಕಾರ ಆ ವಿಚಾರವನ್ನು ತನ್ನ ಮನಸ್ಸಿನಲ್ಲಿ ಮತ್ತೆ ಯೋಚಿಸಿ ನೋಡಬೇಕು ಎಂಬ ಅವರ ಪ್ರಸಿದ್ಧ ಸಿದ್ಧಾಂತವನ್ನು ಬರಗಾಲದ ಜಿಲ್ಲೆಯಲ್ಲಿ ಹುಟ್ಟಿದ ನಾನು ಅಷ್ಟು ಸುಲಭವಾಗಿ ನುಂಗಲಾರೆ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ಅಣೆಕಟ್ಟನ್ನು ಅವರ ರೀತಿಯಲ್ಲಿ ಒಂದು ಪ್ರಶ್ನೆಗೆ ಕೊಟ್ಟ ಉತ್ತರವೆಂದು ಚೆನ್ನಾಗಿಯೇ ಓದಬಹುದು. ಆದರೆ ಅದಕ್ಕೆ ಮೂವತ್ತು ವರ್ಷ ಮೊದಲು, 1876ರಿಂದ 1878ರವರೆಗಿನ ಕ್ಷಾಮದಲ್ಲಿ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸತ್ತವರು ಯಾವ ಉತ್ತರವನ್ನೂ ಬಿಟ್ಟು ಹೋಗಲಿಲ್ಲ. ಹಸಿವಿನಲ್ಲಿ ಬಿದ್ದವರ ವಿಚಾರವನ್ನು ಮತ್ತೆ ಯೋಚಿಸುವುದು ಹೇಗೆ? ಮಳೆ ಬಾರದ್ದು ವಿಚಾರವಲ್ಲ, ಆದರೂ ಅದು ನಮ್ಮ ಇತಿಹಾಸವೇ. ಈ ಕಡೆಗೆ ಅವರ ಪುಸ್ತಕದಲ್ಲಿ ನನಗೆ ಸಮಾಧಾನ ಸಿಗಲಿಲ್ಲ.

ಕೊನೆಯ ಅಧ್ಯಾಯದಲ್ಲಿ ಅವರು ತತ್ತ್ವಶಾಸ್ತ್ರದಿಂದ ನೇರವಾಗಿ ಬೀದಿಗೆ ಇಳಿಯುತ್ತಾರೆ. ಪುಸ್ತಕ ಬರೆದದ್ದು ಬ್ರಿಟನ್ ಹಿಟ್ಲರನಿಗೆ ಮಣಿದು ಮ್ಯೂನಿಕ್ ಒಪ್ಪಂದ ಮಾಡಿಕೊಂಡ 1938ರಲ್ಲಿ, ಅದೂ ಪಾರ್ಶ್ವವಾಯು ಬಡಿದು ಉಳಿದಿರುವ ಕಾಲ ಕಡಿಮೆ ಎಂಬ ಅರಿವಿನಲ್ಲಿ. 1943ರಲ್ಲಿ ತೀರಿಕೊಂಡಾಗ ಅವರಿಗಿನ್ನೂ ಐವತ್ತಮೂರು ವರ್ಷ. ಹಿಟ್ಲರನ ಮುಂದೆ, ಸ್ಪೇನಿನ ಅಂತರ್ಯುದ್ಧದ ವಿಚಾರದಲ್ಲಿ, ತಮ್ಮದೇ ಸರ್ಕಾರ ನಡೆದುಕೊಂಡ ರೀತಿಯನ್ನು ಕಟುವಾಗಿ ಟೀಕಿಸುತ್ತಾ, ಅದರಲ್ಲಿ ಪತ್ರಿಕೆಗಳಿಗೂ ಪಾಲಿದೆ ಎನ್ನುತ್ತಾರೆ. ಮತದಾರನು ತಿಳಿದು ಮತ ಹಾಕಲು ಬೇಕಾದ ಸಂಗತಿ ಎಂಬುದು ‘ಸುದ್ದಿ’ಯ ಹಳೆಯ ಅರ್ಥವಾಗಿತ್ತು, ಓದಿ ರಂಜಿಸಿಕೊಳ್ಳಲು ಒದಗುವ ಸಂಗತಿ ಅಥವಾ ಕಟ್ಟುಕಥೆ ಎಂಬುದು ಹೊಸ ಅರ್ಥವಾಯಿತು ಎಂಬುದು ಅವರ ದೂರು. ಸಂಪಾದಕರಿಗೆ ಬರೆಯುವ ಪತ್ರದಲ್ಲಿ ಇದನ್ನು ಹೆಚ್ಚು ಬೆಳೆಸುವುದು ಸಭ್ಯತೆಯಲ್ಲ.

ಈಗ ಓಬವ್ವನ ವಿಷಯ. ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಹಾಗಾದರೆ ಸೋತ ಕೋಟೆಯ ಜನ, ಒಡೆಯರು ಬದಲಾದ ಮೇಲೂ, ಕಾವಲುಗಾರನ ಹೆಂಡತಿಯೊಬ್ಬಳು ಒನಕೆ ಹಿಡಿದು ಕಿಂಡಿ ಕಾಯ್ದ ಕಥೆಯನ್ನು ಮಕ್ಕಳಿಗೆ ಹೇಳುತ್ತಾ ಬಂದರಲ್ಲ, ಅದು ಯಾವ ಪ್ರಶ್ನೆಗೆ ಉತ್ತರ? ‘ಕೋಟೆ ಹೇಗೆ ಬಿತ್ತು’ ಎಂದು ಯಾರೋ ಹಂಗಿಸಿ ಕೇಳಿದ್ದಕ್ಕೋ, ‘ಕಾಯಬೇಕಾದವರು ಎಲ್ಲಿದ್ದರು’ ಎಂದು ತಮ್ಮೊಳಗೇ ಕೇಳಿಕೊಂಡದ್ದಕ್ಕೋ? ಕಥೆಯಲ್ಲಿ ರಾಣಿಯಿಲ್ಲ, ಕತ್ತಿಯಿಲ್ಲ. ಗಂಡ ಊಟಕ್ಕೆ ಕುಳಿತ ಹೊತ್ತು, ನೀರಿಗೆ ಹೋದ ಹೆಂಗಸು, ಭತ್ತ ಕುಟ್ಟುವ ಒನಕೆ, ತಣ್ಣೀರು ದೋಣಿಯ ಪಕ್ಕದ ಸಂದಿ ಇವೆ. ಈ ವಿವರಗಳನ್ನೇ ಆರಿಸಿ ಉಳಿಸಿಕೊಂಡವರು ಯಾರು? ಅರಮನೆಯವರೋ, ಕಾವಲಿನ ಮನೆಗಳವರೋ? ದಾಖಲೆ ಕೇಳಿದ ಓದುಗರು ಹೇಳಿಕೆಯ ಸತ್ಯಾಸತ್ಯದಲ್ಲೇ ನಿಂತುಬಿಟ್ಟರು. ಜನರ ನಾಲಗೆಯ ಮಾತೇ ದಾಖಲೆ ಎಂದವರೂ ಅಲ್ಲಿಯೇ ನಿಂತರು. ನಾನು ಕೇಳುತ್ತಿರುವ ಪ್ರಶ್ನೆಗಳನ್ನು ಕೇಳಲು ಓಬವ್ವನನ್ನು ಅಲ್ಲಗಳೆಯಬೇಕಾಗಿಲ್ಲ, ಆಕೆಯ ಪ್ರತಿಮೆಗೆ ಹಾರ ಹಾಕಿದ ಮಾತ್ರಕ್ಕೆ ಅವುಗಳಿಗೆ ಉತ್ತರವೂ ಸಿಗುವುದಿಲ್ಲ.

ಕಡೆಯದಾಗಿ ನನ್ನದೇ ಒಂದು ಪ್ರಶ್ನೆಯಿದೆ. ನನ್ನ ತಾಯಿಯ ತವರು ಮೊಳಕಾಲ್ಮೂರು ಕಡೆ. ಬಾಲ್ಯದಲ್ಲಿ ಬ್ರಹ್ಮಗಿರಿಯ ಅಶೋಕನ ಶಾಸನದ ಬಂಡೆಯನ್ನು ಊರವರು ‘ಅಕ್ಷರಗುಂಡು’ ಎಂದು ತೋರಿಸುತ್ತಿದ್ದರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆಯ ಶಾಸನಗಳನ್ನು ಬೆಳಕಿಗೆ ತಂದವರು ಬಿ. ಎಲ್. ರೈಸ್, 1892ರಲ್ಲಿ. ಅಲ್ಲಿ ರಾಜನ ಮಾತೆಲ್ಲ ಮುಗಿದ ಮೇಲೆ, ಇದನ್ನು ಬರೆದವನು ಚಪಡ ಎಂಬ ಲಿಪಿಕಾರ ಎಂದಿದೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ, ‘ಲಿಪಿಕಾರ’ ಎಂಬ ಕೊನೆಯ ಪದವೊಂದನ್ನು ಮಾತ್ರ ಚಪಡ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಅದು ದೂರದ ವಾಯವ್ಯದ ಗಾಂಧಾರದ ಕಡೆ ಬಳಕೆಯಲ್ಲಿದ್ದ ಲಿಪಿ. ಅವನು ಆ ಕಡೆಯಿಂದ ಬಂದವನಿರಬೇಕು ಎಂದು ವಿದ್ವಾಂಸರು ಹೇಳುತ್ತಾರೆ. ಎಲ್ಲಿಂದ ಬಂದ ಎಂಬುದಕ್ಕೆ ಅದು ಉತ್ತರವಾಯಿತು, ಏಕೆ ಬರೆದ ಎಂಬುದಕ್ಕಲ್ಲ. ಸುತ್ತಲಿನ ಹತ್ತಾರು ಹರದಾರಿಯಲ್ಲಿ ಓದಬಲ್ಲವರು ಇರಲಾರದ ಲಿಪಿಯಲ್ಲಿ, ತನ್ನ ಕಸುಬಿನ ಹೆಸರನ್ನೇ ಆರಿಸಿಕೊಂಡು, ಯಾರು ಓದಲಿ ಎಂದು ಕೆತ್ತಿದ? ನಾನು ಬೆರಳಚ್ಚು ಮಾಡಿದ ತೀರ್ಪುಗಳ ಕೊನೆಯಲ್ಲಿ, ನ್ಯಾಯಾಧೀಶರ ಸಹಿಗಿಂತ ಕೆಳಗೆ, ಮೂಲೆಯಲ್ಲಿ ನನ್ನ ಹೆಸರಿನ ಎರಡು ಮೊದಲಕ್ಷರಗಳು ಇರುತ್ತಿದ್ದವು. ಕಕ್ಷಿದಾರರು ಅದನ್ನು ಎಂದೂ ನೋಡಿದವರಲ್ಲ. ಆ ಅಕ್ಷರಗಳನ್ನು ಒತ್ತುವಾಗ ನನ್ನ ಮನಸ್ಸಿನಲ್ಲಿ ಏನಿರುತ್ತಿತ್ತು ಎಂಬುದು ನನಗೆ ಗೊತ್ತು. ಚಪಡನ ಮನಸ್ಸಿನಲ್ಲಿಯೂ ಅದೇ ಇತ್ತೆಂದು ಹೇಳುವ ಧೈರ್ಯ ನನಗಿಲ್ಲ, ಕಾಲಿಂಗ್‌ವುಡ್‌ಗೆ ಇರುತ್ತಿತ್ತೇನೋ. ಲಿಪಿಶಾಸ್ತ್ರ ಬಲ್ಲ ಓದುಗರು ಯಾರಾದರೂ ಈ ಬಗ್ಗೆ ಇದೇ ಅಂಕಣದಲ್ಲಿ ನಾಲ್ಕು ಸಾಲು ಬರೆಯುವುದಾದರೆ ಕಾದು ಓದುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನ್ಯಾಯಾಲಯ ಶೀಘ್ರಲಿಪಿಗಾರ,
ಚಿತ್ರದುರ್ಗ